ಅನು ನೀರಿನಡಿ ಇದ್ದ ಆರು ತಿಂಗಳು

ಹೋದ ತಿಂಗಳು ಆಫೀಸಿನ ಕೆಲಸದ ಮೇಲೆ ಕ್ಯಾಲಿಫೋರ್ನಿಯಾದ ವಲ್ಲೇಹೊ ಊರಿಗೆ ಹೋಗಬೇಕಾಯಿತು. ನಾನು ಕುಡಿಯುವ ನೀರಿನ ಇಲಾಖೆಯಲ್ಲಿ ಎಂಜಿನಿಯರು. ಊರೂರಿನ ಹಳೆಯ ಕೊಳವೆ, ವಾಲ್ವುಗಳನ್ನು ಬಗ್ಗಿ ನೋಡಿ ಬರುವುದು ನನ್ನ ಪಾಲಿಗೆ ಬಂದ ಭಾಗ್ಯ. ಕೆಲಸ ಬೇಗ ಮುಗಿಯಿತು. ಮನೆಗೆ ಹೊರಡುವ ಬದಲು ಚಿಕ್ಕ ಸೇತುವೆ ದಾಟಿ, ದ್ವೀಪದ ಮೇಲಿನ ಹಳೆಯ ಹಡಗುಕಟ್ಟೆಯ ಹತ್ತಿರ ಕಾರು ನಿಲ್ಲಿಸಿದೆ. ಸಮುದ್ರದ ನೀರು ಇಳಿದು ದಡವೆಲ್ಲ ಕೆಸರಾಗಿತ್ತು. ಬಾಗಿಲು ತೆಗೆದದ್ದೇ ತಡ, ಉಪ್ಪು, ಕೆಸರು, ತುಕ್ಕು ಹಿಡಿದ ಕಬ್ಬಿಣ ಮೂರೂ ಸೇರಿದ ವಾಸನೆ ಮೂಗಿಗೆ ಬಡಿಯಿತು. ಮೂರು ವರ್ಷದ ಹಿಂದೆ ಇದೇ ಜಾಗದಲ್ಲಿ ನನ್ನ ಅವ್ವ ಸೆರಗನ್ನು ಮೂಗಿಗೆ ಒತ್ತಿಕೊಂಡು, "ಇದೇನ್ಲಾ ಹಿಂಗ್ ನಾರ್ತದೆ" ಎಂದಿದ್ದಳು. ಮತ್ತೆ ಅಲ್ಲಿ ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ.

ಆ ವರ್ಷ ನಮ್ಮ ಮನೆಯಲ್ಲಿ ನಡೆದದ್ದೆಲ್ಲ ಒಂದು ಜಲಾಂತರ್ಗಾಮಿಯ ಸುತ್ತ. ನನ್ನ ಒಬ್ಬಳೇ ಮಗಳು ಅನುಪಮಾ ಅಮೆರಿಕದ ನೌಕಾಪಡೆಯಲ್ಲಿ ಅಧಿಕಾರಿ. ಸಬ್‌ಮರೀನಿನ ಅಣುಸ್ಥಾವರವನ್ನು ನೋಡಿಕೊಳ್ಳುವ ಕೆಲಸ. ನಮ್ಮೂರು ಪ್ಲೆಸೆಂಟನ್ನಿನಲ್ಲಿ ಹುಟ್ಟಿ ಬೆಳೆದ ನಮ್ಮವರ ಮಕ್ಕಳು ಡಾಕ್ಟರಾಗುತ್ತಾರೆ, ಇಲ್ಲವೆ ಕಂಪ್ಯೂಟರಿನ ಮುಂದೆ ಕೂರುತ್ತಾರೆ. ಇವಳು ನೇವಿ ಸೇರಿದಾಗ ಕನ್ನಡ ಕೂಟದ ಊಟದ ಸಾಲಿನಲ್ಲಿ ಗೆಳೆಯನೊಬ್ಬ ನನ್ನ ಕಿವಿಯ ಹತ್ತಿರ ಬಂದು, "ಯಾಕೆ, ಎಲ್ಲೂ ಅಡ್ಮಿಶನ್ನು ಸಿಗ್ಲಿಲ್ವಾ?" ಎಂದು ಮೆತ್ತಗೆ ಕೇಳಿದ್ದ. ನನ್ನ ಹೆಂಡತಿ ಲತಾ ಆ ಮನುಷ್ಯನಿಗೆ ಇವತ್ತಿಗೂ ಸರಿಯಾಗಿ ಮುಖ ಕೊಟ್ಟು ಮಾತನಾಡುವುದಿಲ್ಲ. ಅವ್ವ ಮಾತ್ರ ನಕ್ಕಿದ್ದಳು. ಅಪ್ಪ ನೀರನ್ನು ಕೊಳವೆಯೊಳಗೆ ಇಡುವವನು, ಮಗಳು ಕೊಳವೆಯನ್ನೇ ನೀರಿನೊಳಗೆ ಇಡಲು ಹೊರಟಿದ್ದಾಳೆ ಎಂದು ಅವಳ ಲೆಕ್ಕ.

ಅವ್ವ ಚನ್ನರಾಯಪಟ್ಟಣದ ಕಡೆಯವಳು. ನನ್ನ ತಂದೆ ತೀರಿಕೊಂಡ ಮೇಲೆ, ಅನುವಿಗೆ ಎರಡು ವರ್ಷವಿದ್ದಾಗ ಇಲ್ಲಿಗೆ ಬಂದವಳು ಮತ್ತೆ ವಾಪಸು ಹೋಗಲಿಲ್ಲ. ಲತಾ ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟು, ಅವಳ ಶಿಫ್ಟಿಗೆ ಹೊತ್ತುಗೊತ್ತಿಲ್ಲ. ಹಾಗಾಗಿ ಅನುವಿಗೆ ಅನ್ನ ಕಲಸಿ ತಿನ್ನಿಸಿದ್ದು, ಜಡೆ ಹಾಕಿದ್ದು, ಸ್ಕೂಲ್ ಬಸ್ಸಿನವರೆಗೆ ಕೈ ಹಿಡಿದುಕೊಂಡು ಹೋದದ್ದು ಎಲ್ಲ ಅವ್ವನೇ. ಅವ್ವ ತನ್ನ ಭಾಷೆಯಲ್ಲಿ ಹೇಳುವುದು, ಮೊಮ್ಮಗಳು ಅರ್ಧ ಇಂಗ್ಲಿಷಿನಲ್ಲಿ ಉತ್ತರ ಕೊಡುವುದು. ಇಬ್ಬರಿಗೂ ಅದರಿಂದ ಒಂದು ದಿನವೂ ತೊಂದರೆಯಾಗಲಿಲ್ಲ.

ಅನು ಸೇರಿದ್ದು ಆಗಿನ್ನೂ ಕಟ್ಟುತ್ತಿದ್ದ ಹಡಗಿಗೆ. ಅದರ ಹೆಸರು ಇಲ್ಲಿ ಬೇಡ. ಪೂರ್ವ ತೀರದ ಹಡಗುಕಟ್ಟೆಯಲ್ಲಿ ಅವಳು ಒಂದೂವರೆ ವರ್ಷ ಇದ್ದಳು. ಪ್ರತಿ ಭಾನುವಾರದ ಫೋನಿನಲ್ಲಿ ಹಡಗು ಸ್ವಲ್ಪ ಸ್ವಲ್ಪವೇ ಬೆಳೆಯುತ್ತಿತ್ತು. ದಪ್ಪ ಉಕ್ಕಿನ ಹಾಳೆಯನ್ನು ಬಾಗಿಸಿ ದೊಡ್ಡ ದೊಡ್ಡ ಬಳೆ ಮಾಡುತ್ತಾರೆ. ಬಳೆಯೊಳಗೆ ಯಂತ್ರ, ತಂತಿ, ಕೊಳವೆಗಳನ್ನು ಕೂರಿಸುತ್ತಾರೆ. ಆಮೇಲೆ ಬಳೆಗೆ ಬಳೆ ಸೇರಿಸಿ ಬೆಸುಗೆ ಹಾಕುತ್ತಾರೆ. ಒಂದೊಂದು ಬೆಸುಗೆಯನ್ನೂ ಪರೀಕ್ಷೆ ಮಾಡಿ ಕಾಗದಕ್ಕೆ ಸಹಿ ಹಾಕುತ್ತಾರೆ. ಸ್ಥಾವರಕ್ಕೆ ಒಮ್ಮೆ ಇಂಧನ ತುಂಬಿದರೆ ಹಡಗಿನ ಆಯಸ್ಸು ಮುಗಿಯುವವರೆಗೆ ಮತ್ತೆ ತುಂಬುವ ಕೆಲಸವಿಲ್ಲ. ಉಸಿರಾಡುವ ಗಾಳಿಯನ್ನೂ, ಕುಡಿಯುವ ನೀರನ್ನೂ ಸಮುದ್ರದ ನೀರಿನಿಂದಲೇ ಮಾಡಿಕೊಳ್ಳುತ್ತಾರೆ. "ಊಟ ಖಾಲಿಯಾದ್ರೆ ಮಾತ್ರ ಮೇಲೆ ಬರ್ಬೇಕು ಅಪ್ಪ" ಎಂದಿದ್ದಳು. ನೀರಿನ ಇಲಾಖೆಯವನಾದ ನನಗೆ ಇದನ್ನು ಕೇಳಿ ಹೊಟ್ಟೆಕಿಚ್ಚೇ ಆಯಿತು.

ಹಡಗನ್ನು ಸೇವೆಗೆ ಸೇರಿಸುವ ದಿನ ನಾನೂ ಲತಾಳೂ ಹೋಗಿದ್ದೆವು. ಕೊರೆಯುವ ಚಳಿ, ಬಾವುಟಗಳು, ಭಾಷಣಗಳು. ಕೊನೆಗೆ ಹಡಗಿನ ತಾಯಿಯೆಂದು ಆರಿಸಿದ್ದ ಹೆಂಗಸೊಬ್ಬಳು ಹಡಗಿಗೆ ಜೀವ ತುಂಬಿ ಎಂದು ಆಜ್ಞೆ ಕೊಟ್ಟಳು. ಸಾಲಾಗಿ ನಿಂತಿದ್ದ ನಾವಿಕರೆಲ್ಲ ಓಡಿ ಹತ್ತಿದರು. ಆ ಓಡುವವರ ನಡುವೆ ನಮ್ಮ ಅನುವಿನ ಬೆನ್ನು ಕಂಡಿತು. ಅವಳು ಮಗುವಾಗಿದ್ದಾಗ ಹೊಸಿಲು ದಾಟಿದ್ದು ನೆನಪಾಯಿತು. ಲತಾ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

ಹಡಗು ಹವಾಯಿಗೆ ಬಂದು, ಮೊದಲ ದೀರ್ಘ ಪಯಣಕ್ಕೆ ಹೊರಡುವ ಮುಂಚೆ, ಜೂನಿನಲ್ಲಿ ಅನು ರಜೆಯ ಮೇಲೆ ಮನೆಗೆ ಬಂದಳು. ಅವ್ವನಿಗೆ ಹಡಗು ನೋಡುವ ಆಸೆ. ಅಷ್ಟು ದೂರ ವಿಮಾನದಲ್ಲಿ ಕೂರಲು ಅವಳ ಮಂಡಿ ಬಿಡುತ್ತಿರಲಿಲ್ಲ. "ಇಲ್ಲೇ ನಮ್ಮ ಬೇ ಏರಿಯಾದಲ್ಲೇ ಮುಂಚೆ ಕಟ್ತಿದ್ರು ಅಜ್ಜಿ, ಬಾ ತೋರಿಸ್ತೀನಿ" ಎಂದು ಅನು ನಮ್ಮನ್ನೆಲ್ಲ ವಲ್ಲೇಹೊಗೆ ಹೊರಡಿಸಿದಳು. ಅಲ್ಲಿ ಅಣುಶಕ್ತಿಯ ಜಲಾಂತರ್ಗಾಮಿಗಳನ್ನು ಕಟ್ಟಿ ಎಷ್ಟೋ ಕಾಲವಾಗಿದೆ. ಈಗ ಉಳಿದಿರುವುದು ಖಾಲಿ ಶೆಡ್ಡುಗಳು, ತುಕ್ಕು ಹಿಡಿದ ಕ್ರೇನುಗಳು, ಮತ್ತು ನೆನಪಿಗೆಂದು ನೆಲದ ಮೇಲೆ ನಿಲ್ಲಿಸಿರುವ ಹಳೆಯ ಹಡಗೊಂದರ ಮೇಲ್ಭಾಗ. ಮೈಯೆಲ್ಲ ಕಪ್ಪು, ಎರಡಾಳಿಗಿಂತ ಎತ್ತರ. ಅದು ಇದ್ದ ಹಡಗನ್ನು ಕಡಿದು ಹಾಕಿ ಬಹಳ ಕಾಲವಾಯಿತೆಂದು ಅನು ಹೇಳಿದಳು. ಅವ್ವ ಅದರ ಸುತ್ತ ನಿಧಾನವಾಗಿ ಒಂದು ಸುತ್ತು ಬಂದಳು.

"ಕಿಟಕಿ ಎಲ್ಲದವ್ವಾ?" ಎಂದು ಕೇಳಿದಳು.

"ಕಿಟಕಿ ಇರಲ್ಲ ಅಜ್ಜಿ."

"ಮತ್ತೆ ಬೆಳಗಾಗಿದ್ದು ಹೆಂಗೆ ಗೊತ್ತಾಯ್ತದೆ?"

"ಬ್ರೇಕ್‌ಫಾಸ್ಟ್ ಕೊಟ್ರೆ ಮಾರ್ನಿಂಗ್" ಎಂದಳು ಅನು. ಅವ್ವ ನಗಲಿಲ್ಲ. ಆ ಕಬ್ಬಿಣವನ್ನು ಅಂಗೈಯಿಂದ ಎರಡು ಸಲ ತಟ್ಟಿ, ಕೈಯನ್ನು ಕಣ್ಣಿಗೊತ್ತಿಕೊಂಡಳು.

ಆ ವಾರವೇ ಅಡುಗೆಮನೆಯ ಮೇಜಿನ ಮೇಲೆ ಅನು ಒಂದಿಷ್ಟು ಕಾಗದಗಳನ್ನು ಹರಡಿಕೊಂಡು ಕೂತಿದ್ದಳು. ಅದರಲ್ಲಿ ಒಂದು ಕಾಗದದಲ್ಲಿ ಇದ್ದದ್ದು ಒಂದೇ ಪ್ರಶ್ನೆ. ನೀನು ಸಮುದ್ರದಡಿ ಇದ್ದಾಗ ಮನೆಯಲ್ಲಿ ಯಾರಾದರೂ ತೀರಿಕೊಂಡರೆ ನಿನಗೆ ಆಗಲೇ ಹೇಳಬೇಕೋ, ವಾಪಸು ಬಂದ ಮೇಲೆ ಹೇಳಬೇಕೋ? ಹೇಳಿದರೂ ಹಡಗು ಅವಳೊಬ್ಬಳಿಗಾಗಿ ತಿರುಗುವುದಿಲ್ಲ. ಅನು ನನ್ನ ಮುಖ ನೋಡಿದಳು. ನಾನು ಫ್ರಿಜ್ಜಿನಲ್ಲಿ ಏನನ್ನೋ ಹುಡುಕುತ್ತಿರುವವನಂತೆ ನಿಂತೆ.

ಅವ್ವನಿಗೆ ಲತಾ ಬಿಡಿಸಿ ಹೇಳಿದಳು. ಅವ್ವ ಹುರುಳಿಕಾಯಿ ಮುರಿಯುವುದನ್ನು ನಿಲ್ಲಿಸಲೂ ಇಲ್ಲ. "ಹೇಳುಸ್ಕಬ್ಯಾಡ ಕಣವ್ವ. ನಿಮ್ಮಪ್ಪ ಹೊಟ್ಟೇಲಿದ್ದಾಗ ನಮ್ಮಪ್ಪ ಹೋಯ್ತು. ಬಸುರಿ ಅಂತ ನಂಗೆ ಯಾರೂ ಹೇಳ್ನಿಲ್ಲ. ಹೆರಿಗೆ ಆದ್ಮೇಲೆ ಹೇಳುದ್ರು. ಹೇಳ್ದೆ ಇದ್ದುದ್ದೇ ಒಳ್ಳೇದಾಯ್ತು" ಎಂದಳು. ಅಮೆರಿಕದ ನೌಕಾಪಡೆಗೂ ನಮ್ಮ ಹಳ್ಳಿಯ ಸೂಲಗಿತ್ತಿಯರಿಗೂ ಒಂದೇ ಬುದ್ಧಿ ಇರುವುದು ನನಗೆ ಆಶ್ಚರ್ಯವಾಯಿತು. ಅನು 'ಹೇಳಬೇಡಿ' ಎಂಬ ಚೌಕದಲ್ಲಿ ಗುರುತು ಹಾಕಿ ಸಹಿ ಮಾಡಿದಳು.

ಜುಲೈ ಮೊದಲ ವಾರ ಹಡಗು ಮುಳುಗಿತು. ಯಾವ ಸಮುದ್ರ, ಯಾವ ದಿಕ್ಕು, ಯಾರೂ ಹೇಳುವುದಿಲ್ಲ. ಉಳಿದದ್ದು ಇ-ಮೇಲು ಮಾತ್ರ. ಅದಕ್ಕೂ ಕಟ್ಟುನಿಟ್ಟು: ಫೋಟೊ ಕೂಡದು, ಇಂಗ್ಲಿಷಿನಲ್ಲೇ ಬರೆಯಬೇಕು, ಕೆಟ್ಟ ಸುದ್ದಿ ಬರೆಯುವಂತಿಲ್ಲ. ನಾವು ಬರೆದದ್ದನ್ನು ಮೊದಲು ಬೇರೊಬ್ಬರು ಓದಿ, ಸರಿಯಿದ್ದರೆ ಮುಂದಕ್ಕೆ ಬಿಡುತ್ತಾರೆ. ಹಡಗು ಯಾವಾಗ ಸಂಪರ್ಕಕ್ಕೆ ಬರುತ್ತದೋ ಆಗ ಅದು ತಲುಪುತ್ತದೆ. ಎರಡು ದಿನಕ್ಕೂ ಆಗಬಹುದು, ತಿಂಗಳಿಗೂ ಆಗಬಹುದು. ಬರೆಯುವುದು ನಾನು, ಪಕ್ಕದಲ್ಲಿ ನಿಂತು ಹೇಳುವುದು ಲತಾ. ಅವ್ವ ದೂರದಿಂದಲೇ, "ಉಂಡಳಾ ಅಂತ ಕೇಳು" ಎನ್ನುತ್ತಿದ್ದಳು. ಒಂದು ಭಾನುವಾರ ನಾನೂ ಲತಾಳೂ ಹಾಫ್ ಮೂನ್ ಬೇ ಕಡಲತೀರಕ್ಕೆ ಹೋಗಿ ಮಂಜು ಕವಿದ ಸಮುದ್ರವನ್ನು ನೋಡುತ್ತ ಕೂತಿದ್ದೆವು. "ಎಲ್ಲಾ ಒಂದೇ ನೀರು ತಾನೇ ರೀ" ಎಂದು ಲತಾ ಚಪ್ಪಲಿ ಬಿಟ್ಟು ಹೋಗಿ ಅಲೆಯಲ್ಲಿ ಕಾಲಿಟ್ಟು ನಿಂತಳು. ಆ ನೀರು ಹಿಮದಷ್ಟು ತಣ್ಣಗಿರುತ್ತದೆ. ಅವಳು ಬಹಳ ಹೊತ್ತು ಈಚೆಗೆ ಬರಲಿಲ್ಲ.

ಆಗಸ್ಟಿನ ಕೊನೆಯಲ್ಲಿ ಅವ್ವ ಹೋದಳು. ಹಿತ್ತಲಿನಲ್ಲಿ ಕರಿಬೇವಿನ ಗಿಡಕ್ಕೆ ನೀರು ಹಾಕುತ್ತಿದ್ದವಳು ತಲೆಸುತ್ತಿ ಕುಸಿದಳು. ಆಸ್ಪತ್ರೆಗೆ ಸೇರಿಸಿದೆವು. ಎರಡು ದಿನದಲ್ಲಿ ಚೇತರಿಸಿಕೊಂಡಳು, ಆಸ್ಪತ್ರೆಯ ಗಂಜಿಗೆ ಉಪ್ಪಿಲ್ಲವೆಂದು ನರ್ಸಿನ ಹತ್ತಿರ ಕನ್ನಡದಲ್ಲೇ ಜಗಳ ತೆಗೆದಳು. ಗಾಬರಿ ಪಡುವಂಥದ್ದಿಲ್ಲ ಎಂದು ಡಾಕ್ಟರು ಹೇಳಿದ್ದರಿಂದ ಮೂರನೆಯ ದಿನ ನಾನು ಆಫೀಸಿಗೆ ಹೋದೆ. ಹನ್ನೊಂದು ಗಂಟೆಗೆ ಫೋನು ಬಂತು. ಹೋಗುವಷ್ಟರಲ್ಲಿ ಮುಗಿದಿತ್ತು. ಲಿವರ್ಮೋರಿನ ದೇವಸ್ಥಾನದ ಪುರೋಹಿತರು ಬಂದು ಕಾರ್ಯ ಮಾಡಿಸಿದರು. ತಲೆ ಬೋಳಿಸಿಕೊಂಡು ಆಫೀಸಿಗೆ ಹೋದಾಗ ಯಾರೋ ಪಾಪ, ಹೊಸ ಸ್ಟೈಲು ಚೆನ್ನಾಗಿದೆ ಎಂದರು. ಆ ದಿನಗಳಲ್ಲಿ ಉತ್ತರದ ಕಾಡುಗಳು ಹೊತ್ತಿಕೊಂಡು ಊರಿನ ಮೇಲೆಲ್ಲ ಹೊಗೆ ಕೂತಿತ್ತು. ಮಧ್ಯಾಹ್ನದ ಸೂರ್ಯನೂ ಕುಂಕುಮದ ಬಣ್ಣಕ್ಕಿದ್ದ.

ಇಷ್ಟೆಲ್ಲದರ ನಡುವೆ ಅನುವಿಗೆ ಇ-ಮೇಲು ಬರೆಯುವುದು ನಿಲ್ಲಿಸುವಂತಿರಲಿಲ್ಲ. ನಿಲ್ಲಿಸಿದರೆ ಅವಳಿಗೆ ಅನುಮಾನ ಬರುತ್ತದೆ. ಅವಳ ಇ-ಮೇಲೊಂದರಲ್ಲಿ, ಅಜ್ಜಿಯ ಮಂಡಿ ನೋವು ಹೇಗಿದೆ ಎಂದು ಕೇಳಿದ್ದಳು. ಸುಳ್ಳು ಬರೆಯಲು ಕೈ ಬರಲಿಲ್ಲ. ನಿಜವನ್ನು ಬರೆಯುವಂತಿರಲಿಲ್ಲ. ಅರ್ಧ ಗಂಟೆ ಯೋಚಿಸಿ, ಅಜ್ಜಿಗೆ ಈಗ ಮಂಡಿ ನೋವಿನ ತೊಂದರೆ ಏನೂ ಇಲ್ಲ ಎಂದು ಬರೆದೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಗೌರಿ ಗಣೇಶ ಬಂತು. ಇಲ್ಲಿರುವ ಮಂಡ್ಯದವರು, ಮೈಸೂರಿನವರು ಒಬ್ಬರಾದ ಮೇಲೊಬ್ಬರು ಫೋನು ಮಾಡಿ ಪೂಜೆಗೆ ಕರೆಯುವುದು, ನಾನು, "ಈ ವರ್ಷ ನಮಗೆ ಹಬ್ಬ ಇಲ್ಲ ಕಣ್ರಿ" ಎನ್ನುವುದು, ಅವರು, "ಓ, ಸಾರಿ" ಎನ್ನುವುದು. ಅವತ್ತು ಬೆಳಿಗ್ಗೆಯೇ ಇಂಥ ನಾಲ್ಕು ಫೋನು ಮುಗಿಸಿ ಅನುವಿಗೆ ಬರೆಯಲು ಕೂತೆ. ಹೊಗೆ ಕಡಿಮೆಯಾಗಿದೆ, ಎದುರು ಮನೆಯವರು ಹೊಸ ನಾಯಿ ತಂದಿದ್ದಾರೆ, ಈ ವರ್ಷ ನಮಗೆ ಹಬ್ಬ ಇಲ್ಲ, ಹಾಗಾಗಿ ಒಬ್ಬಟ್ಟೂ ಇಲ್ಲ ಎಂದೆಲ್ಲ ಇಂಗ್ಲಿಷಿನಲ್ಲಿ ಬರೆದು ಕಳಿಸಿ, ಸ್ನಾನಕ್ಕೆ ಹೋದೆ.

ಮಾರನೆಯ ದಿನ ಲತಾ ಕೆಲಸದಿಂದ ಬಂದು, ಕಾಫಿ ಲೋಟ ಹಿಡಿದು ಆ ಮೇಲು ಓದಿದಳು. ಅವಳ ಮುಖ ಬಿಳಚಿಕೊಂಡಿತು.

"ರೀ, ಏನು ಬರ್ದಿದೀರಾ ನೀವು? ಹಬ್ಬ ಇಲ್ಲ ಅಂತ ಬರ್ದಿದೀರಲ್ಲ."

ನನಗೆ ಆಗಲೂ ಹೊಳೆಯಲಿಲ್ಲ. "ಇಲ್ವಲ್ಲ ಮತ್ತೆ?" ಎಂದೆ.

"ಹಬ್ಬ ಇಲ್ಲ ಅಂದ್ರೆ ಮನೇಲಿ ಯಾರೋ ಹೋಗಿದಾರೆ ಅಂತ. ಅದು ಅವಳಿಗೆ ಗೊತ್ತಾಗಲ್ವಾ? ಅವ್ವನ ಹತ್ರ ಬೆಳೆದೋಳು ಅವಳು."

ಓದಿ ಮುಂದಕ್ಕೆ ಬಿಟ್ಟ ಅಮೆರಿಕದವನಿಗೆ ಅದರಲ್ಲಿ ಕೆಟ್ಟ ಸುದ್ದಿ ಏನು ಕಂಡೀತು? ಹಬ್ಬವಿಲ್ಲ, ಸಿಹಿಯಿಲ್ಲ, ಅಷ್ಟೇ. ನಾನು ಕುರ್ಚಿ ಎಳೆದು ಕೂತೆ. ಲತಾ ಹಳೆಯ ಮೇಲುಗಳನ್ನು ಒಂದೊಂದಾಗಿ ತೆಗೆದು ನೋಡಿದಳು. ಕೊನೆಗೆ ತಲೆಯೆತ್ತಿ ನಿಧಾನವಾಗಿ ಹೇಳಿದಳು: "ಬರ್ದಿರೋರು ನೀವು, ಹಾಗಾಗಿ ನೀವಿದೀರ. ಅವ್ವನ ಮಂಡಿ ಸರಿಹೋಗಿದೆ ಅಂತ ಬೇರೆ ಬರ್ದಿದೀರ. ಇನ್ಯಾರು ಉಳಿದ್ರು? ಸತ್ತಿರೋದು ನಾನೇ ಅಂದ್ಕೋತಾಳೆ ಅವಳು."

ಹಡಗಿನವರ ಕುಟುಂಬಗಳಿಗೆ ಸಹಾಯ ಮಾಡುವ ಡಾನಾ ಎಂಬ ಹೆಂಗಸು ಹವಾಯಿಯಲ್ಲಿದ್ದಳು. ಅವಳಿಗೆ ಫೋನು ಮಾಡಿ, ಹಬ್ಬವೆಂದರೇನು, ಹಬ್ಬವಿಲ್ಲವೆಂದರೇನು ಎಂದು ಮೊದಲಿನಿಂದ ವಿವರಿಸಿದೆ. ತಾಳ್ಮೆಯಿಂದ ಕೇಳಿದಳು. ಕಳಿಸಿದ ಇ-ಮೇಲನ್ನು ಹಿಂದಕ್ಕೆ ತರಿಸುವಂತಿಲ್ಲ, ಅದು ಬಹುಶಃ ಈಗಾಗಲೇ ತಲುಪಿದೆ ಎಂದಳು. ಅನು ಬೇಡವೆಂದು ಸಹಿ ಮಾಡಿರುವುದರಿಂದ ಸತ್ತವರು ಯಾರೆಂದು ಬರೆಯುವಂತೆಯೂ ಇಲ್ಲ. ಇನ್ನೊಂದು ಮೇಲು ಕಳಿಸಿ, ಹಡಗು ಮತ್ತೆ ಸಂಪರ್ಕಕ್ಕೆ ಬಂದಾಗ ಹೋಗುತ್ತದೆ ಎಂದಳು. ಯಾವಾಗ ಎಂದು ಕೇಳಿದೆ. ಅದನ್ನು ತನಗೂ ಯಾರೂ ಹೇಳುವುದಿಲ್ಲ ಎಂದಳು. ಅವಳ ಗಂಡನೂ ಅದೇ ಹಡಗಿನಲ್ಲಿದ್ದ.

ನನ್ನನ್ನು ಎಬ್ಬಿಸಿ ಲತಾ ಕಂಪ್ಯೂಟರಿನ ಮುಂದೆ ಕೂತಳು. ಅನುವಿಗೆ ಅವಳಾಗಿಯೇ ಬರೆದದ್ದು ಅದೇ ಮೊದಲು. ಪ್ರೀತಿಯ ಮಾತು ಬರೆದರೆ ನಾನೇ ಅವಳ ಹೆಸರಿನಲ್ಲಿ ಬರೆದಿದ್ದೇನೆಂದು ಅನುವಿಗೆ ಅನ್ನಿಸಬಹುದು ಎಂದು ಅವಳ ಚಿಂತೆ. ಅದಕ್ಕೇ ಬೈದಳು. ಜೂನಿನಲ್ಲಿ ಒದ್ದೆ ಟವೆಲ್ಲನ್ನು ಮಂಚದ ಹಿಂದೆ ಎಸೆದು ಹೋಗಿದ್ದೀಯ, ಈಗ ಸಿಕ್ಕಿತು, ಬೂಷ್ಟು ಹಿಡಿದಿದೆ, ಒಂದು ಅಣುಸ್ಥಾವರವನ್ನು ನಿನ್ನ ಕೈಗೆ ಕೊಟ್ಟವರಿಗೆ ನಿನ್ನ ರೂಮನ್ನು ಒಮ್ಮೆ ತೋರಿಸಬೇಕು ಎಂದು ಒಂದು ಪುಟ ಬೈದಳು. "ಈ ಬೈಗುಳ ನಂದೇ ಅಂತ ಅವಳಿಗೆ ಗೊತ್ತಾಗುತ್ತೆ" ಎಂದು ಹೇಳುವಾಗ ಅವಳ ಕಣ್ಣಿಂದ ನೀರು ಹರಿಯುತ್ತಿತ್ತು.

ಆಮೇಲೆ ಕಾಯುವುದು. ಅಷ್ಟು ಉದ್ದದ ಸೆಪ್ಟೆಂಬರನ್ನು ನಾನು ಮತ್ತೆ ಕಂಡಿಲ್ಲ. ಗುಡ್ಡಗಳ ಹುಲ್ಲೆಲ್ಲ ಒಣಗಿ ಹೊಂಬಣ್ಣಕ್ಕಿತ್ತು. ಕಿಟಕಿಯಿಲ್ಲದ ಒಂದು ಕಬ್ಬಿಣದ ಬಳೆಯೊಳಗೆ ನನ್ನ ಮಗಳು ಅಮ್ಮನಿಲ್ಲವೆಂದುಕೊಂಡು ಕೂತಿದ್ದಾಳೆ, ಅವಳ ಅಮ್ಮ ಇಲ್ಲಿ ಹುಳಿಗೆ ಒಗ್ಗರಣೆ ಹಾಕುತ್ತಿದ್ದಾಳೆ. ಈ ಎರಡನ್ನೂ ಒಟ್ಟಿಗೆ ನೆನೆಸಿಕೊಂಡು ಊಟದ ತಟ್ಟೆ ಬಿಟ್ಟು ಏಳುತ್ತಿದ್ದೆ. ಲತಾ ನನ್ನನ್ನು ಒಂದು ಮಾತೂ ಆಡಲಿಲ್ಲ. ದಿನಾ ಬೆಳಿಗ್ಗೆ ಬಾಗಿಲು ತೆಗೆಯುವ ಮುಂಚೆ ಮೇಲು ನೋಡುವುದು, ಅಂಗಡಿಯಲ್ಲಿ ಊಟದ ಹೊತ್ತಿಗೆ ನೋಡಿ ನನಗೆ ಫೋನಿನಲ್ಲಿ, "ಇಲ್ಲ" ಎನ್ನುವುದು. ಒಂದೇ ಮಾತು. ನಾನೂ, "ಸರಿ" ಎನ್ನುತ್ತಿದ್ದೆ. ಅನುವನ್ನು ನೋಡಬೇಕೆಂದಲ್ಲ, ಅವಳ ಧ್ವನಿ ಕೇಳಬೇಕೆಂದೂ ಅಲ್ಲ, ಅವಳಿಗೆ ಒಂದು ಸಾಲು ಮುಟ್ಟಿದರೆ ಸಾಕೆಂದು ಹಂಬಲಿಸಿದ್ದು ಆ ಒಂದು ತಿಂಗಳು.

ಅಕ್ಟೋಬರಿನಲ್ಲಿ ಒಂದು ದಿನ ಎರಡು ಸಾಲಿನ ಉತ್ತರ ಬಂತು. ಎಲ್ಲ ಇ-ಮೇಲೂ ಸಿಕ್ಕಿದೆ, ತಾನು ಚೆನ್ನಾಗಿದ್ದೇನೆ, ಟವೆಲ್ಲಿಗೆ ಸಾರಿ ಅಮ್ಮ ಎಂದಿತ್ತು. ಲತಾ ಅದನ್ನು ಪ್ರಿಂಟು ತೆಗೆದು ದೇವರ ಮುಂದೆ ಇಟ್ಟಳು.

ಜನವರಿಯಲ್ಲಿ ಹಡಗು ಮೇಲೆ ಬಂತು. ಬಂದರಿನಿಂದ ಅನು ಮಾಡಿದ ಮೊದಲ ಫೋನಿನಲ್ಲಿ, "ಅಜ್ಜಿ ಅಲ್ವಾ ಅಪ್ಪ?" ಎಂದಷ್ಟೇ ಕೇಳಿದಳು. ಹೂಂ ಎಂದೆ. ಹತ್ತು ದಿನದ ಮೇಲೆ ರಜೆ ಸಿಕ್ಕಿ ಮನೆಗೆ ಹೊರಟಳು. ಲತಾಳಿಗೆ ಶಿಫ್ಟು ಇತ್ತು. ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣಕ್ಕೆ ನಾನೊಬ್ಬನೇ ಹೋದೆ. ಬಿಸಿಲು ಕಾಣದೆ ಅವಳ ಮುಖ ಬಿಳುಚಿತ್ತು. ಅವಳ ಬಟ್ಟೆಯಿಂದ ಎಣ್ಣೆಯೂ ಅಲ್ಲದ, ಔಷಧಿಯೂ ಅಲ್ಲದ ಹಡಗಿನ ವಾಸನೆ ಬರುತ್ತಿತ್ತು. ತಬ್ಬಿಕೊಂಡಾಗ ಅವಳನ್ನು ಬಿಡಲು ಮನಸ್ಸಾಗಲಿಲ್ಲ.

ಜಿಟಿಜಿಟಿ ಮಳೆ. ಫ್ರೀವೇಯಲ್ಲಿ ಅದೂ ಇದೂ ಮಾತನಾಡಿದಳು. ಸ್ಯಾನ್ ಮಟೇಯೊ ಸೇತುವೆ ಹತ್ತಿ, ಎರಡೂ ಕಡೆ ನೀರೇ ನೀರಾದಾಗ ಮೆಲ್ಲಗೆ ಕೇಳಿದಳು.

"ಅಪ್ಪ, ಒಂದು ಹೇಳ್ಲಾ? ಕೋಪ ಮಾಡ್ಕೋಬೇಡ."

"ಹೇಳು."

"ಅಮ್ಮನ ಮೇಲ್ ಬರೋವರೆಗೂ ಅಮ್ಮನೇ ಹೋಗಿದಾಳೆ ಅಂದ್ಕೊಂಡಿದ್ದೆ. ಟ್ವೆಂಟಿ ಟೂ ಡೇಸ್. ಯಾರಿಗೂ ಹೇಳ್ಲಿಲ್ಲ. ವಾಚ್ ಡ್ಯೂಟಿಗೆ ಹೋಗ್ತಿದ್ದೆ, ಗೇಜ್ ನೋಡಿ ರೀಡಿಂಗ್ ಬರೀತಿದ್ದೆ, ಮಲಗ್ತಿದ್ದೆ. ಆಮೇಲೆ ಟವೆಲ್ ಮೇಲ್ ಬಂತು. ಓದಿ ಜೋರಾಗಿ ನಕ್ಕೆ. ಐ ವಾಸ್ ಸೋ ಹ್ಯಾಪಿ, ಅಪ್ಪ. ಹಾಗಾದ್ರೆ ಅಜ್ಜಿ ಅಂತ ಗೊತ್ತಾಯ್ತು. ಗೊತ್ತಾಗಿಯೂ ಖುಷಿ ಹೋಗ್ಲಿಲ್ಲ. ಥ್ಯಾಂಕ್ ಗಾಡ್, ಹೋಗಿರೋದು ಅಜ್ಜಿ ಅಂದೆ. ಬಾಯಿ ಬಿಟ್ಟು ಹೇಳ್ದೆ. ನನ್ನ ಸಾಕಿದ್ದು ಅವಳು. ನಿಂಗೆ ಅವಳು ಅಮ್ಮ."

ಸುಳ್ಳು ಹೇಳುವುದೇಕೆ, ಒಂದು ಕ್ಷಣ ಅವಳ ಮೇಲೆ ಸಿಟ್ಟು ಬಂತು. ಅವಳು ಕಿಟಕಿಯ ಕಡೆ ತಿರುಗಿ ಕೂತಿದ್ದಳು. ಆಮೇಲೆ, ಲತಾಳಿಗೂ ಹೇಳದೆ ಐದು ತಿಂಗಳು ಒಳಗೇ ಇಟ್ಟುಕೊಂಡದ್ದನ್ನು ಅವಳಿಗೆ ಹೇಳಿದೆ.

"ಅಜ್ಜಿ ಹೋದ ದಿನ ಆಫೀಸಿಗೆ ಫೋನು ಬಂತು, ಅದು ಗೊತ್ತಿಲ್ಲದ ನಂಬರು. ನಾನು ನಿಮ್ಮ ನೇವಿಯವರೇ ಅಂದ್ಕೊಂಡೆ. ಆಸ್ಪತ್ರೆಯ ನರ್ಸು, ನಿಮ್ಮ ತಾಯಿ ಅಂದ್ಲು. ಸದ್ಯ, ಅನು ಅಲ್ಲ ಅಂದ್ಕೊಂಡೆ ಕಣೇ. ಮೊದಲು ಬಂದಿದ್ದು ಅದೇ. ನನ್ನ ಅವ್ವ ಸತ್ತಿದಾಳೆ ಅಂತ ಹೇಳ್ತಿದ್ರು, ನಾನು ದೇವರಿಗೆ ಕೈ ಮುಗೀತಿದ್ದೆ."

ಅನು ನನ್ನ ಕಡೆ ತಿರುಗಿದಳು. ನನ್ನ ಹೆಗಲ ಮೇಲೆ ಕೈಯಿಟ್ಟಳು. ಆ ಸೇತುವೆಯ ಮೇಲೆ ಗಾಡಿ ನಿಲ್ಲಿಸುವಂತಿಲ್ಲ. ಹಿಂದೆ ಲಾರಿ, ಮುಂದೆ ಮಳೆ. ಅವ್ವನಿಗಾಗಿ ನಾನು ಮೊದಲ ಸಲ ಅತ್ತದ್ದು ಅಲ್ಲಿ, ಎರಡೂ ಕೈಯಲ್ಲಿ ಸ್ಟಿಯರಿಂಗು ಹಿಡಿದುಕೊಂಡು.